ಹನ್ನೆರಡನೆಯ ಕಾಲು

"ಚುಚ್ಚು," ಎಂದ ಚೌರಪ್ಪ.

"ಚುಚ್ಚಿದ್ದಾಯ್ತು," ಎಂದಳು ಹೆಂಡತಿ ಪ್ರಕಾಸಮ್ಮ.

ಅವನು ಬಗ್ಗಿ ನೋಡಿದ. ಬಲಪಾದದ ಮೇಲ್ಗಡೆ, ಜಾಲಿಮುಳ್ಳು ಇಳಿದ ಕಡೆ, ರಕ್ತದ ಸಣ್ಣ ಬೊಟ್ಟು ಕೂತಿತ್ತು. ಹೋದ ವರ್ಷ ಹುಣಸೆ ಬೀಜದಷ್ಟಿದ್ದ ಮಾಸಲು ಮಚ್ಚೆ ಈಗ ವೀಳ್ಯದೆಲೆಯಷ್ಟು ಅಗಲವಾಗಿತ್ತು. ಅದು ಯಾವ ರೋಗವೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಹೆಸರು ಹಿಡಿದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಜ್ವರ ಅಂತ ಏಳ್ಬುಡು. ಇವತ್ತು ಗುಡಿಗೆ ಓಗ್ಬ್ಯಾಡ," ಎಂದಳು.

"ವಿಭೂತಿ ಬುಧವಾರವೇ ಎಸ್ರು ಓದವ್ರೆ. ಈಗ ಬರಾಕಿಲ್ಲ ಅಂದ್ರೆ ಊರು ಸುಮ್ಕಿರ್ತದಾ? ಬೀಗ್ರು ಬ್ಯಾರೆ ಪಕ್ಕದಲ್ಲೇ ಕುಂತಿರ್ತಾರೆ."

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಸಂಜೆ ಗುಡಿಯಲ್ಲಿ ಸ್ವಾಮಿಗಳು ಹನ್ನೆರಡು ಗಂಡಸರ ಬಲಗಾಲು ತೊಳೆಯುತ್ತಾರೆ. ಕೋಗಿಲು ಗ್ರಾಮದ ಆಚೆಗಿದ್ದ ಆ ಊರಿನಲ್ಲಿ ಹೆಸರು ಬಂದವನು ಹಿಂದೆ ಸರಿದರೆ, ಹೊಟ್ಟೆಯಲ್ಲಿ ಏನೋ ಮುಚ್ಚಿಟ್ಟುಕೊಂಡಿದ್ದಾನೆ ಎಂದೇ ಲೆಕ್ಕ. ಚೌರಪ್ಪನ ಮಗಳು ಆರೋಗ್ಯಮ್ಮನನ್ನು ಇನ್ನಾಸಪ್ಪನ ಮಗನಿಗೆ ಕೊಡುವ ಮಾತಾಗಿತ್ತು. ವಿಭೂತಿ ಬುಧವಾರದಿಂದ ಶುರುವಾಗುವ ತಪಸ್ಸು ಕಾಲದಲ್ಲಿ ಮದುವೆ ಕೂಡದೆಂದು, ಬರುವ ಭಾನುವಾರದ ಪಾಸ್ಕ ಹಬ್ಬ ಕಳೆದ ಮೇಲಿನ ಎರಡನೆಯ ಸೋಮವಾರಕ್ಕೆ ಇಟ್ಟುಕೊಂಡಿದ್ದರು. ಇನ್ನು ಹನ್ನೊಂದು ದಿನ ಈ ಕಾಲು ಯಾರ ಕಣ್ಣಿಗೂ ಬೀಳದಿದ್ದರೆ ಸಾಕಿತ್ತು. ಆಮೇಲೆ ತನ್ನನ್ನು ಯಾವ ಆಸ್ಪತ್ರೆಗೆ ಅಟ್ಟಿದರೂ ಸರಿ, ಜಕ್ಕೂರಿನ ವಿಮಾನ ಮೈದಾನದ ಹುಲ್ಲು ಕೊಯ್ಯುವ ಕೆಲಸ ಹೋದರೂ ಸರಿ ಎಂದುಕೊಂಡಿದ್ದ.

ಪ್ರಕಾಸಮ್ಮ ಮುಳ್ಳನ್ನು ಒಲೆಗೆ ಎಸೆದಳು. ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ಕಾಲು ಉಜ್ಜಿ, ಮಚ್ಚೆ ಮರೆಯಾಗುವಂತೆ ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ಸವರಿದಳು. ಆ ಹೊತ್ತಿಗೆ ಹನ್ನೆರಡು ಮನೆಗಳಲ್ಲೂ ಇದೇ ಉಜ್ಜಾಟ. ಸ್ವಾಮಿಗಳ ಕೈ ಕೊಳೆಯಾಗಬಾರದಲ್ಲ! ತೊಳೆಯಬೇಕಾದಂಥ ಕಾಲನ್ನು ಸ್ವಾಮಿಗಳ ಮುಂದಿಟ್ಟ ಗಂಡಸು ಆ ಊರಿನಲ್ಲಿ ಇದುವರೆಗೆ ಒಬ್ಬನೂ ಹುಟ್ಟಿಲ್ಲ.

ಗುಡಿಯ ದಾರಿ ಹಿಡಿದಾಗ ಚೌರಪ್ಪನ ತಲೆಯಲ್ಲಿ ಮತ್ತೆ ಅದೇ ಕಥೆ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಉಪದೇಶಿ ಒಂದೊಂದು ಕಥೆ ಹೇಳುತ್ತಿದ್ದ. ಮೂರನೆಯ ವಾರ ಕುಷ್ಠರೋಗಿಯ ಕಥೆ ಬಂತು. ಜನರೆಲ್ಲ ದೂರ ಸರಿದರು, ಯೇಸುಸ್ವಾಮಿ ಕೈಚಾಚಿ ಅವನನ್ನು ಮುಟ್ಟಿದರು, ಆಮೇಲೆ 'ಹೋಗಿ ಗುಡಿಯ ಗುರುಗಳಿಗೆ ನಿನ್ನನ್ನು ತೋರಿಸಿಕೋ' ಎಂದರು. ಇನ್ನಾಸಪ್ಪ ಟವಲಿನಲ್ಲಿ ಕಣ್ಣೊರೆಸಿಕೊಂಡು, "ಆ ಜನಕ್ಕೆ ಕರುಳೇ ಇರ್ಲಿಲ್ಲ ಬೀಗ್ರೇ. ನಾವಾಗಿದ್ರೆ ಇಂಗ್ ಮಾಡ್ತಿದ್ವಾ?" ಎಂದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೌರಪ್ಪ ಪಂಚೆಯೊಳಕ್ಕೆ ಕಾಲೆಳೆದುಕೊಂಡಿದ್ದ.

ಅಂದಿನಿಂದ ಹುಲ್ಲು ಕೊಯ್ಯುವಾಗಲೂ ಅದೇ ಯೋಚನೆ. ಮೊದಲು ಮುಟ್ಟಿದ್ದು, ತೋರಿಸಿಕೋ ಎಂದದ್ದು ಆಮೇಲೆ. ಮೊದಲು ಮುಟ್ಟುವವರು ಸಿಕ್ಕರೆ ತಾನೂ ತೋರಿಸುತ್ತಿದ್ದ. ಎರಡು ಸಲ ಸ್ವಾಮಿಗಳ ಮುಂದೆ ಪಾಪನಿವೇದನೆಗೆ ಮೊಣಕಾಲೂರಿ, ಹೆಂಡದ್ದು, ಸಿಟ್ಟಿನದು ಹೇಳಿ, ಕಾಲಿನ ಮಾತು ಎತ್ತದೆ ಎದ್ದು ಬಂದಿದ್ದ.

ಗುಡಿಯಲ್ಲಿ ಬೆಂಚು ಹಾಕಿತ್ತು. ಕೊನೆಯ ಜಾಗ ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದನದು ಎಂದು ಯಾರೂ ಅಲ್ಲಿ ಕೂರಲೊಲ್ಲರು. ಚೌರಪ್ಪ ತಾನಾಗಿಯೇ ಹೋಗಿ ಕೂತ. ಅಲ್ಲಿ ದೀಪದ ಬೆಳಕು ಕಡಿಮೆ.

"ಇದ್ಯಾಕೆ ಬೀಗ್ರೇ, ಈ ಜಾಗಕ್ಕೆ ಬಂದ್ರಿ?" ಎನ್ನುತ್ತ ಇನ್ನಾಸಪ್ಪ ಪಕ್ಕಕ್ಕೆ ಬಂದು, ತೊಡೆಗೆ ತೊಡೆ ತಾಗಿಸಿ ಕೂತ.

"ಯಾರಾದ್ರೂ ಕೂರ್ಬೇಕಲ್ಲ," ಎಂದ ಚೌರಪ್ಪ.

ಹೋದ ವರ್ಷ ತಣ್ಣೀರಿನಿಂದ ಒಬ್ಬ ಮುದುಕನಿಗೆ ಚಳಿಜ್ವರ ಬಂದಿತ್ತೆಂದು ಈ ಸಲ ಬೆಚ್ಚನೆಯ ನೀರು. ಯಾರಿಗೂ ಅರ್ಥವಾಗದ ಲತೀನ್ ಭಾಷೆಯಲ್ಲಿ ಹಾಡು ನಡೆಯುತ್ತಿತ್ತು. ಗುಡಿ ಕಾಯುವ ಮುದುಕ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ, ಸ್ವಾಮಿಗಳು ತೊಳೆದು, ಒರೆಸಿ, ಮುತ್ತಿಡುತ್ತಿದ್ದರು. ಇನ್ನಾಸಪ್ಪನ ಕಾಲು ತೊಳೆದು ಮುಗಿಸುವಷ್ಟಕ್ಕೆ ನೀರು ಮುಗಿಯಿತು. ಮುದುಕ ಹಿತ್ತಲಿಗೆ ಓಡಿ ಒಲೆ ಮೇಲಿನ ಹಂಡೆಯಿಂದ ಮೊಗೆದು ತಂದ. ಅವಸರದಲ್ಲಿ ತಣ್ಣೀರು ಬೆರೆಸುವುದನ್ನು ಮರೆತಿದ್ದ.

ಚೌರಪ್ಪ ಕೈಮುಗಿದು ಬಲಿಪೀಠದ ಕಡೆ ನೋಡುತ್ತಿದ್ದ. ಇದೊಂದು ತಂಬಿಗೆ ಕಳೆದರೆ ಮಗಳ ಮದುವೆ ಆದಂತೆಯೇ. ಅಷ್ಟರಲ್ಲಿ ಸ್ವಾಮಿಗಳು ಸುಟ್ಟ ಬೆರಳು ಒದರಿಕೊಂಡು ಕೈ ಹಿಂದಕ್ಕೆಳೆದುಕೊಂಡರು. ಹಾಡು ನಿಂತಿತು. ಅವರು ತನ್ನ ಮುಖವನ್ನೇ ಯಾಕೆ ಹೀಗೆ ನೋಡುತ್ತಿದ್ದಾರೆ ಎಂದು ಚೌರಪ್ಪನಿಗೆ ತಿಳಿಯಲಿಲ್ಲ. ಬಗ್ಗಿ ನೋಡಿದ. ಅವನ ಕಾಲಿನಿಂದ ಹಬೆ ಏಳುತ್ತಿತ್ತು.

"ಅಮ್ಮಾ," ಎಂದು ಆಗ ಕಾಲೆಳೆದುಕೊಂಡ. ಕಾಲ ಕೆಳಗಿನ ಬೋಗುಣಿ ಉರುಳಿತು. ಹೆಂಗಸರ ಕಡೆ ಪ್ರಕಾಸಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಅರಿಶಿನವೆಲ್ಲ ತೊಳೆದುಹೋಗಿ, ಕೆಂಪೇರಿದ ಪಾದದ ನಡುವೆ ಮಚ್ಚೆ ಎಲ್ಲರಿಗೂ ಕಾಣುವಂತಿತ್ತು.

ಸ್ವಾಮಿಗಳು ಎರಡೂ ಕೈಯಲ್ಲಿ ಆ ಕಾಲನ್ನು ಮತ್ತೆ ಹಿಡಿದು, ಮೆಲ್ಲಗೆ ಒರೆಸಿ, ಬಗ್ಗಿ ಮಚ್ಚೆಯ ಮೇಲೆಯೇ ಮುತ್ತಿಟ್ಟರು. ಚೌರಪ್ಪನಿಗೆ ಅದು ಕಂಡಿತು, ತಾಕಲಿಲ್ಲ.

ಚೆಲ್ಲಿದ ನೀರು ಚಪ್ಪಡಿಯ ಮೇಲೆ ಮೆಲ್ಲಗೆ ಹರಿಯುತ್ತ ಪಕ್ಕಕ್ಕೆ ಬಂತು. ಇನ್ನಾಸಪ್ಪ, ಈಗಷ್ಟೇ ತೊಳೆಸಿಕೊಂಡ ಕಾಲನ್ನೂ ಇನ್ನೊಂದನ್ನೂ ಮೇಲಕ್ಕೆತ್ತಿ ಬೆಂಚಿನ ಮೇಲಿಟ್ಟುಕೊಂಡ.