ಎಡಗಡೆಯ ಕಾವಲು

“ಒಂದು ಸಲ ತಟ್ಟಿದ್ರೆ ‘ಕಂಡಿತು’ ಅನ್ನಿ. ತಟ್ಟದಿದ್ರೆ ಬಾಯಿ ಮುಚ್ಕೊಂಡಿರಿ. ಅಷ್ಟೇ ಭಾವ,” ಎಂದು ಕಂಡಕ್ಟರ್ ಮತ್ತೊಮ್ಮೆ ಡ್ರೈವರನ ಕಿವಿಯಲ್ಲಿ ಊದಿದ. ಬಸ್ ಡಿಪೋದ ವಿಶ್ರಾಂತಿ ಕೋಣೆಯ ಮುಂದೆ ಸಾಲು ನಿಂತಿತ್ತು. ಒಳಗೆ ಕಣ್ಣಿನ ಡಾಕ್ಟರು ಕೂತಿದ್ದರು.

“ಸಿಕ್ಕಿಬಿದ್ರೆ ಮಾನ ಹೋಗತ್ತೆ ಕಣೋ,” ಎಂದ ಡ್ರೈವರ್.

“ಸಿಕ್ಕಿಬೀಳದಿದ್ರೆ ಪದಕ ಬರತ್ತೆ. ಅಕ್ಕ ಆಗಲೇ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ.”

ಜನವರಿ ಬಂತೆಂದರೆ ಡಿಪೋದವರಿಗೆ ದಿನಕ್ಕೊಂದು ಆಚರಣೆ. ಹೊಸ ವರ್ಷದ ಕೇಕ್ ಅರಗುವ ಮೊದಲೇ ಧನ್ಯವಾದದ ದಿನ. ಅದರ ಬೆನ್ನಿಗೇ ಅಪ್ಪುಗೆಯ ದಿನ; ಅವತ್ತು ಮ್ಯಾನೇಜರ್ ಉತ್ಸಾಹದಲ್ಲಿ ಮೆಕ್ಯಾನಿಕ್‌ನನ್ನು ತಬ್ಬಿಕೊಂಡು ಬಿಳಿ ಅಂಗಿಗೆಲ್ಲ ಗ್ರೀಸ್ ಬಳಿದುಕೊಂಡಿದ್ದ. ಇದು ಗ್ಲಾಕೋಮಾ ಜಾಗೃತಿಯ ತಿಂಗಳೂ ಹೌದೆಂದು ಅವನಿಗೆ ಯಾರು ಹೇಳಿದರೋ, ಎಲ್ಲ ಡ್ರೈವರುಗಳೂ ಕಣ್ಣು ತೋರಿಸಲೇಬೇಕೆಂದು ಬೋರ್ಡಿಗೆ ನೋಟೀಸು ಅಂಟಿಸಿದ. ಸದ್ದಿಲ್ಲದೆ ನೋಟ ಕದಿಯುವ ಕಾಯಿಲೆಯಂತೆ ಅದು. ಬರುವ ಶನಿವಾರ ರಸ್ತೆ ಸುರಕ್ಷತಾ ಮಾಸದ ಸಮಾರಂಭ. ಒಂದೂ ಅಪಘಾತ ಮಾಡದ್ದಕ್ಕೆ ಪದಕ ಬರಬೇಕಾದದ್ದು ಇದೇ ಡ್ರೈವರನಿಗೆ. ಅದಕ್ಕೆ ಮೊದಲು ಕಣ್ಣು ಪಾಸಾಗಬೇಕು.

ಅವನ ಎಡಗಣ್ಣಿನ ಅಂಚು ಮಬ್ಬಾಗಿ ಬಹಳ ಕಾಲವಾಗಿತ್ತು. ಮೊದಲು ಗಮನಿಸಿದವನು ಹೆಂಡತಿಯ ತಮ್ಮನಾದ ಈ ಕಂಡಕ್ಟರನೇ. ಅಂದಿನಿಂದ ಅವನು ಸೀಟು ಖಾಲಿ ಇದ್ದರೂ ಕೂರದೆ ಎಡಗಡೆಯ ಬಾಗಿಲಲ್ಲೇ ನಿಂತು, “ಸೈಕಲ್ ಇದೆ ಭಾವ,” “ಅಜ್ಜಿ ದಾಟ್ತಾ ಇದ್ದಾರೆ ಭಾವ” ಎಂದು ಕೂಗುತ್ತಿದ್ದ. ಟಿಕೆಟ್ ಕೊಡುವಾಗಲೂ ಒಂದು ಕಣ್ಣು ಹೊರಗೇ. ಭಾವನೆಂದರೆ ಅವನಿಗೆ ಪ್ರಾಣ.

ಸರದಿ ಬಂತು. ಡಾಕ್ಟರು ಡ್ರೈವರನನ್ನು ಎದುರಿಗೆ ಕೂರಿಸಿಕೊಂಡು, “ಒಂದು ಕಣ್ಣು ಮುಚ್ಕೊಂಡು ನನ್ನ ಮೂಗನ್ನೇ ನೋಡ್ತಿರಿ. ಪಕ್ಕದಿಂದ ಈ ಕೆಂಪು ಪೆನ್ನು ತರ್ತೀನಿ. ಕಂಡ ತಕ್ಷಣ ಹೇಳಿ,” ಎಂದರು. ಬಲಗಣ್ಣಿನ ಪರೀಕ್ಷೆ ಹೇಗೋ ಆಯಿತು. ಎಡಗಣ್ಣಿಗೆ ಬಂದಾಗ, ಸಾಲು ನೋಡಿಕೊಳ್ಳುವ ನೆವದಲ್ಲಿ ಬಾಗಿಲಿಗೆ ಒರಗಿದ್ದ ಕಂಡಕ್ಟರ್ ಬೆರಳಿನಿಂದ ಕದವನ್ನು ಒಮ್ಮೆ ತಟ್ಟಿದ.

“ಕಂಡಿತು,” ಎಂದ ಡ್ರೈವರ್.

ಮತ್ತೊಂದು ಸಲ ಪೆನ್ನು, ಮತ್ತೊಂದು ಸಲ ಸದ್ದು. “ಕಂಡಿತು.”

ಬಾಯಿಗೆ ಪಾಠ ಹೇಳಿಕೊಡಬಹುದು, ಕಾಲಿಗೆ ಹೇಳಿಕೊಡುವವರು ಯಾರು? ಬಸ್ಸಿನಲ್ಲಿ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಪ್ರತಿ ಸದ್ದಿಗೂ ಡ್ರೈವರನ ಬಲಗಾಲು ಮುಂದಕ್ಕೆ ಚಾಚಿ ನೆಲವನ್ನು ಒತ್ತುತ್ತಿತ್ತು. ಡಾಕ್ಟರು ಕೆಳಗೆ ನೋಡಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಪೆನ್ನನ್ನು ಮಡಿಲಲ್ಲಿಟ್ಟುಕೊಂಡು, ತಾವೇ ಮೇಜನ್ನು ಒಮ್ಮೆ ತಟ್ಟಿದರು.

ಕಾಲು ಬ್ರೇಕ್ ಹಾಕಿತು. “ಕಂಡಿತು ಮೇಡಂ, ಇಗೋ ಇಲ್ಲೇ, ಎಡಗಡೆ.”

ಸಾಲಿನಲ್ಲಿದ್ದವರು ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರು ನಗಲಿಲ್ಲ. “ನೀವು ಒಳಗೆ ಬನ್ನಿ, ಬಾಗಿಲು ಹಾಕ್ಕೊಳ್ಳಿ,” ಎಂದು ಕಂಡಕ್ಟರನನ್ನು ಕರೆದರು. “ಯಾವಾಗಿಂದ ಹೀಗೆ?”

ಕಂಡಕ್ಟರ್ ಬಚ್ಚಿಡಲು ಹೋಗಲಿಲ್ಲ. ಅವನ ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು. “ಒಂದು ವರ್ಷದ ಮೇಲಾಯ್ತು ಮೇಡಂ. ಎಡಗಡೆ ಪೂರ್ತಿ ನಾನೇ ನೋಡ್ಕೊಂಡಿದ್ದೀನಿ. ಇವತ್ತಿನವರೆಗೂ ಒಂದು ನಾಯಿಗೂ ತಾಗಿಲ್ಲ.”

ಡಾಕ್ಟರು ಟಾರ್ಚು ಹಾಕಿ ಎರಡೂ ಕಣ್ಣುಗಳನ್ನು ಬಗ್ಗಿ ಬಗ್ಗಿ ನೋಡಿದರು, ಕಣ್ಣಿನ ಒತ್ತಡ ಅಳೆದರು. “ಎಡಗಣ್ಣಲ್ಲಿ ಹೋದ ನೋಟ ಇನ್ನು ವಾಪಸ್ ಬರಲ್ಲ. ಬಲಗಣ್ಣಿಗೂ ಈಗ ಶುರುವಾಗಿದೆ. ದಿನಾ ಹನಿ ಹಾಕಿದ್ರೆ ಉಳಿಸ್ಕೋಬಹುದು. ಬಸ್ಸು ಮಾತ್ರ ಇವತ್ತಿಗೆ ನಿಂತಿತು.”

“ಮೊದಲೇ ಬಂದಿದ್ರೆ?” ಎಂದು ಕೇಳಿದವನು ಕಂಡಕ್ಟರ್.

“ಎಡಗಣ್ಣೂ ಬಹಳ ಮಟ್ಟಿಗೆ ಉಳೀತಿತ್ತು. ಬಸ್ಸನ್ನ ನಾಲ್ಕು ಸಲ ಎಲ್ಲಾದ್ರೂ ಉಜ್ಜಿದ್ರೆ, ಇವರು ಹೆದರಿ ಅವತ್ತೇ ಡಾಕ್ಟರ ಹತ್ರ ಓಡಿ ಬರ್ತಿದ್ರು. ಕಷ್ಟ ಗೊತ್ತಾಗೋಕೆ ನೀವು ಬಿಟ್ಟಿಲ್ಲ.” ಅವರು ಗದರಲಿಲ್ಲ. ಹನಿಯ ಬಾಟಲಿಯನ್ನು ಡ್ರೈವರನ ಕೈಗೆ ಕೊಟ್ಟು, ಮುಂದಿನವರನ್ನು ಕರೆದರು.

ಇಬ್ಬರೂ ಹೊರಗೆ ಬಂದು, ನಿಂತ ಬಸ್ಸುಗಳ ನಡುವೆ ಗೇಟಿನತ್ತ ನಡೆದರು. ಡ್ರೈವರನಿಗೆ ದುಃಖಕ್ಕಿಂತ ಮೊದಲು ಸಮಾಧಾನವೇ ಆದಂತಿತ್ತು. ಬಾಗಿಲಿನ ಸದ್ದಿಗೆ ಕಿವಿಗೊಟ್ಟು ಸುಳ್ಳು ಹೇಳುವ ಕೆಲಸ ಮುಗಿದಿತ್ತಲ್ಲ. ಬಾಯಿ ತಾನಾಗಿ ಓಡತೊಡಗಿತು.

“ಬಿಡೋ, ಜೀವ ಹೋಗಲಿಲ್ಲವಲ್ಲ. ಗೇಟಿನಲ್ಲೋ ಸ್ಟೋರಿನಲ್ಲೋ ಒಂದು ಕೆಲಸ ಹಾಕಿಕೊಡ್ತಾರೆ. ಮನೇಲಿ ನಾನೇ ಹೇಳ್ತೀನಿ, ನೀನು ಮುಖ ಸಪ್ಪಗೆ ಮಾಡ್ಕೊಂಡು ಅವಳನ್ನ ಹೆದರಿಸ್ಬೇಡ. ಯಾಕೋ, ಮಾತೇ ಇಲ್ಲ? ಡಾಕ್ಟರಮ್ಮನ ಮೇಲೆ ಸಿಟ್ಟಾ?”

“ಇಲ್ಲ ಭಾವ. ನೀವು ಹೇಳಿ, ಕೇಳ್ತಾ ಇದ್ದೀನಿ.”

ಎದುರಿಗೆ ಬಂದ ಮೆಕ್ಯಾನಿಕ್ ಕಂಡಕ್ಟರನ ಒದ್ದೆಯಾದ ಮುಖ ನೋಡಿ ಗಾಬರಿಯಿಂದ ನಿಂತುಬಿಟ್ಟ. ಕಂಡಕ್ಟರ್ ನಡೆಯುತ್ತಿದ್ದುದು ಭಾವನ ಎಡಗಡೆಗೆ. ಅಲ್ಲಿ ಅವನು ಕಣ್ಣೊರೆಸಿಕೊಳ್ಳುವ ಅಗತ್ಯವೇ ಇರಲಿಲ್ಲ.