ಸಿಟ್ಟಿನ ಗಡ್ಡೆ

ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಯಲ್ಲಿ ಗಡ್ಡೆಯಿದೆ, ಸೊಸೆಯ ಸಿಟ್ಟು, ಬೆವರು, ಎದೆಬಡಿತಕ್ಕೆ ಅದೇ ಕಾರಣವಿರಬಹುದು ಎಂದು ಮೊದಲು ನೋಡಿದ ಡಾಕ್ಟರು ಅನುಮಾನಪಟ್ಟಿದ್ದರು. ಅಂದಿನಿಂದ ಮನೆಯಲ್ಲಿ ಯಾರೂ ಅವಳಿಗೆ ಎದುರಾಡಿರಲಿಲ್ಲ. ಬೆಳಗಿನ ಚಹಾವನ್ನೂ ಅತ್ತೆಯೇ ಮಾಡಿ ಕೊಡುತ್ತಿದ್ದಳು.

ಈಗ ಅತ್ತೆ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಒಳಗೆ ಸ್ಕ್ಯಾನಿಂಗ್ ಡಾಕ್ಟರಮ್ಮ ಸೊಸೆಯ ಪಕ್ಕೆಗೆ ಜೆಲ್ ಹಚ್ಚಿ ಮೂರು ಸಲ ನೋಡಿದರು.

“ಇದು ಬರೇ ನೀರಿನ ಗುಳ್ಳಿ ಐತಿ. ರಕ್ತದ್ದು, ಮೂತ್ರದ್ದು ರಿಪೋರ್ಟೂ ನಾರ್ಮಲ್ ಅದಾವು. ನಿಮ್ಮ ಸಿಟ್ಟಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮ ಅತ್ತೀಗೆ ಹೇಳಿಬಿಡ್ತೀನಿ, ತಡೀರಿ.”

“ಬ್ಯಾಡ್ರಿ ಮೇಡಂ.”

“ಯಾಕ? ಖುಷಿ ಪಡೂ ಸುದ್ದಿ ಅಲ್ಲೇನು?”

“ಹನ್ನೊಂದು ವರ್ಷ ಎಲ್ಲಾರ್ದೂ ಆದ ಮ್ಯಾಲೆ ಉಳಿದದ್ದು ಉಂಡೀನ್ರಿ. ಈ ಎರಡು ತಿಂಗಳಷ್ಟ ಬಿಸಿ ರೊಟ್ಟಿ ತಿನ್ನಾಕತ್ತೀನಿ.”

“ಅದಕ್ಕ ನಾ ಸುಳ್ಳು ರಿಪೋರ್ಟ್ ಬರೀಬೇಕೇನು?”

ಸೊಸೆ ಜೆಲ್ ಒರೆಸಿಕೊಂಡು ಎದ್ದು ಕೂತಳು.

“ಖರೇನ ಬರೀರಿ, ಆದ್ರ ಇಂಗ್ಲಿಷಿನ್ಯಾಗ ಬರೀರಿ. ನಮ್ಮನ್ಯಾಗ ಅದನ್ನ ಓದಾಕ ಬರೂದು ನನಗೊಬ್ಬಾಕಿಗೇ.”