ಕೆರೆಯ ಹೊಸ ಗೇಟು

ಸೈಕಲ್ಲಿನಲ್ಲಿ ಕೆರೆ ಸುತ್ತಲು ಹೋದ ವೆಂಕಟರಾಯಪ್ಪ ಈ ಸಲ ವಾಪಸು ಬರಲಿಲ್ಲ. ಅವನ ಹೆಂಡತಿ ಮುನಿತಾಯಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಮೇಲೆ ಕಾದಳು. ಅವನ ಹಿಂದೆಯೇ ಹೊರಟಿದ್ದ ಬೆಂಗಳೂರಿನವರು, ಸೈಕಲ್ ತುಳಿಯುವುದಕ್ಕೆಂದು ಅಷ್ಟು ದೂರದಿಂದ ಕಾರಿನಲ್ಲಿ ಬರುವವರು, ಬಿಗಿಯಾದ ಬಣ್ಣದ ಬಟ್ಟೆಯಲ್ಲಿ ಜಲ್ಲಿ ಸಿಡಿಸುತ್ತ ಆಗಲೇ ಎರಡು ಸಲ ಹಾದುಹೋಗಿದ್ದರು.

ತೂಬಗೆರೆ ಕಡೆಯ ಆ ಕೆರೆಯ ಸುತ್ತ ಸಣ್ಣ ಜಲ್ಲಿ ಹಾಸಿ, ಬೇಲಿ ಹಾಕಿ, ಬಾಗಿಲಿಗೆ ಕಲ್ಲುಕಂಬ ನೆಟ್ಟ ಮೇಲೆ ಒಂದು ಸ್ಕೂಟರ್ ಕೂಡ ಒಳಗೆ ನುಗ್ಗುವಂತಿರಲಿಲ್ಲ. ಒಳಗೆ ಹೋದವನು ಸುತ್ತು ಹಾಕಿ ಅದೇ ಬಾಗಿಲಿಗೆ ಬರಬೇಕು, ಬೇರೆ ದಾರಿಯಿಲ್ಲ. ಮುನಿತಾಯಮ್ಮನಿಗೆ ಬೇಕಾದದ್ದೂ ಅದೇ. ಹರೆಯದಿಂದಲೂ ಸೈಕಲ್ಲಿಗೆ ಕ್ಯಾನು ನೇತುಹಾಕಿಕೊಂಡು ಮನೆಮನೆಯ ಹಾಲನ್ನು ಡೇರಿಗೆ ಮುಟ್ಟಿಸಿದ ವೆಂಕಟರಾಯಪ್ಪ ಈಗ ಸ್ವಂತ ಮನೆಯ ಬಚ್ಚಲು ಯಾವ ಕಡೆ ಎಂದು ಕೇಳುತ್ತಿದ್ದ. ಕಾಲು ಮಾತ್ರ ಪೆಡಲನ್ನು ಮರೆತಿರಲಿಲ್ಲ. ಮನೆಯಲ್ಲಿ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದ, ಚಿಕ್ಕಮ್ಮ ಎನ್ನುತ್ತಿದ್ದ. ಒಮ್ಮೆ ಆಶಾ ಕಾರ್ಯಕರ್ತೆಯೆಂದು ತಿಳಿದು, ಬಿ.ಪಿ. ನೋಡಿಬಿಡಿ ಎಂದು ತೋಳು ಚಾಚಿದ್ದ. ಆದರೆ ಕೆರೆ ಸುತ್ತಿ ಬಂದಾಗ, ಬೆಂಚಿನ ಮೇಲೆ ಕೂತಿರುವವಳು ಯಾರೆಂದು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ‘ಏನ್ ಮುನಿತಾಯಿ, ಇನ್ನೂ ಇಲ್ಲೇ ಇದೀಯಾ?’ ಎಂದು ನಗುತ್ತಿದ್ದ. ಆ ಒಂದು ಮಾತಿಗಾಗಿ ಅವಳು ದಿನಾ ಬೆಳಗ್ಗೆ ಅವನನ್ನು ಕರೆತರುತ್ತಿದ್ದಳು.

‘ಸಿದ್ದರಾಜು, ನಮ್ಮನೆಯವ್ರು ಕಂಡ್ರೇನಪ್ಪಾ?’

ಕಾವಲಿನ ಸಿದ್ದರಾಜು ಫೋನಿನಿಂದ ತಲೆಯೆತ್ತಿದ. ‘ಆ ಕಡೆ ಗೇಟಿಂದ ಏನಾರಾ ಆಚೆ ಹೋದ್ರಾ, ಅಕ್ಕ?’

‘ಯಾವ ಗೇಟು?’

‘ಲೇಔಟ್‌ನೋರು ಓಡಾಡಕ್ಕೆ ಅಂತ ಹಿಂದ್ಗಡೆ ಬೇಲಿ ಕುಯ್ದು ಇಟ್ಟವ್ರಲ್ಲ, ಅದು. ಇವತ್ತೇ ಓಪನ್ನು. ರಿಬ್ಬನ್ ಕಟ್ ಮಾಡಿ ನಂಗೂ ಒಂದು ಲಾಡು ಕೊಟ್ರು.’

ಲಾಡಿನ ಸಮಾಚಾರ ಪೂರ್ತಿ ಕೇಳಲು ಮುನಿತಾಯಮ್ಮ ಅಲ್ಲಿರಲಿಲ್ಲ. ಚಪ್ಪಲಿಯೊಳಗೆ ಸೇರಿದ ಜಲ್ಲಿಯನ್ನೂ ಒದರದೆ ಏರಿಯ ಮೇಲೆ ಓಡುನಡಿಗೆಯಲ್ಲಿ ಹೋದಳು. ಹಿಂದೆ ಸಿದ್ದರಾಜು, ‘ನಿಧಾನ ಅಕ್ಕ, ನಿಧಾನ’ ಎನ್ನುತ್ತ ತಾನೂ ಓಡಿದ.

ಹೊಸ ಗೇಟಿನ ಎದುರಿಗೇ ಒಂದೇ ಅಚ್ಚಿನ ವಿಲ್ಲಾಗಳ ಸಾಲು. ಹಿಂದೆ ಅಲ್ಲಿ ಕೊಟ್ಟಿಗೆಗಳಿದ್ದವು. ವೆಂಕಟರಾಯಪ್ಪನ ಕ್ಯಾನು ಮೊದಲು ತುಂಬುತ್ತಿದ್ದದ್ದು ಅಲ್ಲೇ. ಮೊದಲ ಮನೆಯ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅವನು ಬೆಲ್ಲು ಬಾರಿಸುತ್ತ ‘ಹಾಲು ಹಾಕ್ರಮ್ಮಾ’ ಎಂದು ಕೂಗುತ್ತಿದ್ದ. ನಿದ್ದೆಗಣ್ಣಿನ ಹುಡುಗಿಯೊಬ್ಬಳು ಹೊರಬಂದು, ಹಸಿದ ಮುದುಕನೆಂದುಕೊಂಡು, ಅರ್ಧ ಲೀಟರಿನ ಪ್ಯಾಕೆಟ್ಟು ತಂದುಕೊಟ್ಟಳು.

‘ತಗೊಳಿ ತಾತ. ಇಷ್ಟೇ ಇರೋದು.’

ವೆಂಕಟರಾಯಪ್ಪ ಪ್ಯಾಕೆಟ್ಟನ್ನು ಅಂಗೈಯಲ್ಲಿಟ್ಟು ನೋಡಿದ. ‘ತಣ್ಣಗಿದೆಯಲ್ಲಮ್ಮ! ಇದು ಬೆಳಗ್ಗೆ ಕರೆದಿದ್ದಲ್ಲ.’

‘ಫ್ರಿಜ್ಜಲ್ಲಿತ್ತು ತಾತ. ಚೆನ್ನಾಗೇ ಇದೆ.’

‘ನಿನ್ನೆ ಹಾಲು ಬೆರೆಸಿದ್ರೆ ಡೇರೀಲಿ ಪೂರ್ತಿ ಕ್ಯಾನೇ ವಾಪಸ್ ಕಳಿಸ್ತಾರೆ ಕಣಮ್ಮ. ಹಸು ಹುಷಾರಾಗೈತೆ ತಾನೆ?’

ಹುಡುಗಿ ತಿರುಗಿ ಮನೆಯ ಕಡೆ ನೋಡಿದಳು, ಹಸು ಒಳಗೆಲ್ಲೋ ಇದೆಯೇನೋ ಎಂಬಂತೆ.

ಅಷ್ಟರಲ್ಲಿ ಮುನಿತಾಯಮ್ಮ ಬಂದು ಸೈಕಲ್ಲಿನ ಹ್ಯಾಂಡಲ್ಲು ಹಿಡಿದಳು. ಏದುಸಿರು ಬರುತ್ತಿತ್ತು. ‘ಸಾಕು ಬನ್ರೀ. ಮನೆಗೆ ಹೋಗೋಣ.’

ವೆಂಕಟರಾಯಪ್ಪ ಅವಳನ್ನು ನೋಡಿದ. ಆಮೇಲೆ, ಪರಸ್ತ್ರೀಯ ಕೈ ತಗುಲದ ಹಾಗೆ, ಹ್ಯಾಂಡಲ್ಲನ್ನು ಮೆಲ್ಲಗೆ ಬಿಡಿಸಿಕೊಂಡ. ‘ತಪ್ಪು ತಿಳ್ಕೋಬ್ಯಾಡಿ ಅಮ್ಮ. ನಿಮ್ ಜೊತೆ ನಾನು ಹೆಂಗ್ ಬರ್ಲಿ? ನನ್ನ ಹೆಂಡ್ತಿ ಅಲ್ಲಿ ಬಾಗ್ಲತ್ರ ಕಾಯ್ತಾ ಕೂತವ್ಳೆ.’

‘ನಾನೇ ಕಣ್ರೀ. ಮುನಿತಾಯಿ.’

‘ಅವಳ ಹೆಸರು ನಿಮಗೆ ಗೊತ್ತಾ?’ ಅವನ ಮುಖ ಅರಳಿತು. ‘ಹಂಗಾದ್ರೆ ಅವಳ ಗುಣಾನೂ ಗೊತ್ತಿರ್ಬೇಕು. ಒಂಚೂರು ತಡ ಆದ್ರೂ ಗಾಬರಿ ಬೀಳ್ತಾಳೆ. ನಾನಿನ್ನು ಬರ್ತೀನಿ ಕಣಮ್ಮ.’

ಮುನಿತಾಯಮ್ಮ ಸೈಕಲ್ಲಿನ ಮೂತಿಯನ್ನು ಗೇಟಿನ ಕಡೆ ತಿರುಗಿಸಿ ದಾರಿ ಬಿಟ್ಟಳು. ಅವನು ಹತ್ತಿ ಕೂತು, ಹುಡುಗಿಗೆ ನಾಳೆ ಬೆಳಗಿನ ಹಾಲು ಎತ್ತಿಡಲು ಹೇಳಿ, ಒಳಗೆ ಹೋದ. ನೀರನ್ನು ಎಡಕ್ಕೆ ಇಟ್ಟುಕೊಂಡು ಅವನ ಬೆನ್ನು ಜಲ್ಲಿಯ ಮೇಲೆ ನೆಟ್ಟಗೆ, ಯಾವ ಅನುಮಾನವೂ ಇಲ್ಲದೆ, ದೂರವಾಯಿತು.

ಸಿದ್ದರಾಜು ಗೇಟು ಎಳೆದು ಚಿಲಕ ಹಾಕಿದ. ‘ಈ ಒಂದು ಸುತ್ತಿಗೆ ಮುಚ್ಚಿರ್ತೀನಿ ಅಕ್ಕ. ಅವ್ರು ಇನ್ನೆಲ್ಲೂ ಹೋಗಕ್ಕಾಗಲ್ಲ. ಆದ್ರೆ ನಾಳೆಯಿಂದ ನನ್ ಕೈಲಾಗಲ್ಲ ನೋಡಿ. ಹಗಲೆಲ್ಲ ತೆಗೆದೇ ಇರ್ಬೇಕಂತೆ.’

‘ನಾಳೆ ಕರ್ಕೊಂಡ್ ಬರಲ್ಲ ಬಿಡಪ್ಪ,’ ಎಂದಳು.

ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ‘ನೀರೇನಾದ್ರೂ ಬೇಕಾ ಆಂಟಿ? ಕೂತ್ಕೊಳಿ.’

ಮುನಿತಾಯಮ್ಮ ಕೂರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಕೆದರಿದ ಕೂದಲನ್ನು ಎರಡೂ ಕೈಯಿಂದ ಒತ್ತಿ ಸರಿಮಾಡಿಕೊಂಡಳು. ಅಂಗಳದಲ್ಲಿ ನಿಂತಿದ್ದ ಸ್ಕೂಟರನ್ನು ನೋಡಿದಳು.

‘ಹೊರಗಡೆ ರೋಡಲ್ಲಿ ನನ್ನ ಆ ಕಡೆ ಬಾಗ್ಲಿಗೆ ಬಿಟ್ಬಿಡ್ತೀಯಾ ಮಗಳೇ? ಬೇಗ ಹೋಗ್ಬೇಕು. ಅವ್ರು ಬರೋಷ್ಟೊತ್ಗೆ ಅವ್ರ ಹೆಂಡ್ತಿ ಅಲ್ಲಿರ್ಬೇಕು.’